ಕಟಕಟೆಯೊಳಗಿನ ವಿಲಾಯತಿ ಮರ

ಆಗ ನನಗೆ ಹನ್ನೊಂದು ವರ್ಷ. ಈಗ ಎಂಬತ್ತೊಂದು. ಎಪ್ಪತ್ತು ವರ್ಷದ ಹಿಂದಿನ ಮಾತಾದ್ದರಿಂದ ಅಲ್ಲೊಂದು ಇಲ್ಲೊಂದು ತಪ್ಪಿದರೆ ತಪ್ಪೀತು. ಮರದ ವಿಷಯ ಮಾತ್ರ ತಪ್ಪುವುದಿಲ್ಲ. ಪುಣೆಯ ಕ್ಯಾಂಪ್, ಅಂದರೆ ದಂಡು ಪ್ರದೇಶ, ಮುಗಿದು ರಸ್ತೆ ನದಿಯ ಕಡೆಗೆ ಇಳಿಯುವಲ್ಲಿ ಒಂದು ಹಳೆಯ ಬಾಗ್ ಇತ್ತು. ಬಾಗ್ ಎಂದರೆ ತೋಟ. ಪೇಶ್ವೆಯವರ ಕಾಲದ ಯಾವನೋ ಸರದಾರ ಮಾವು ಹಚ್ಚಿಸಿ, ನಡುವೆ ಕಲ್ಲಿನ ಹೊಂಡ ಕಟ್ಟಿಸಿದ್ದನಂತೆ. ಆಮೇಲೆ ಅದು ಸಾಹೇಬರ ಕೈಗೆ ಬಂದು ಹುಲ್ಲುಹಾಸು, ಗುಲಾಬಿ, ಬಂಗಲೆ ಎಲ್ಲ ಆದವು. ನಮ್ಮಪ್ಪ ಅಲ್ಲಿ ಮಾಲಿ. ಬೆಳಗಾವಿ ಕಡೆಯ ಹಳ್ಳಿಯಿಂದ ಅಪ್ಪ, ಅವ್ವ, ಅಪ್ಪನ ತಾಯಿ ಮೂವರು ಬಂದಿದ್ದರು. ನಾನು ಹುಟ್ಟಿದ್ದು ಇಲ್ಲೇ. ಅಪ್ಪನ ತಾಯಿಗೆ ನಾನು ಆಯಿ ಅನ್ನುತ್ತಿದ್ದೆ. ಬಂಗಲೆಯ ಹಿಂದೆ ಕುದುರೆ ಲಾಯದ ಗೋಡೆಗೆ ಹಚ್ಚಿ ಕಟ್ಟಿದ ಎರಡು ಕೋಣೆ ನಮ್ಮ ಮನೆ. ಹೊರಗಿನ ಕೋಣೆಯಲ್ಲಿ ಸಲಿಕೆ, ಕುಡುಗೋಲು, ನೀರಿನ ಝಾರಿ, ಗೊಬ್ಬರದ ಚೀಲ, ಇವುಗಳ ನಡುವೆ ಅಪ್ಪ ಮಲಗುವಷ್ಟು ಜಾಗ. ಒಳಗಿನದು ಅಡುಗೆಗೂ ಉಳಿದವರಿಗೂ. ಗೊಬ್ಬರದ ವಾಸನೆ ಬೇರೆ, ರೊಟ್ಟಿಯ ವಾಸನೆ ಬೇರೆ ಎಂದು ನನಗೆ ತಿಳಿದದ್ದು ಗಂಡನ ಮನೆಗೆ ಹೋದ ಮೇಲೆ. ಒಳಕೋಣೆಗೆ ಒಂದೇ ಕಿಟಕಿ. ಆ ಕಿಟಕಿಯಲ್ಲಿ ಆಕಾಶ ಕಾಣುತ್ತಿರಲಿಲ್ಲ, ಬಿಸಿಲು ಬರುತ್ತಿರಲಿಲ್ಲ. ಮರ ಕಾಣುತ್ತಿತ್ತು.

ಅದು ಓಕ್ ಮರ. ನಮ್ಮ ಮನೆಯಲ್ಲಿ ಅದಕ್ಕೆ ವಿಲಾಯತಿ ಗಿಡ ಎಂದೇ ಹೆಸರು. ಬಂಗಲೆಯ ಯಜಮಾನತಿ ವಯಸ್ಸಾದ ಒಬ್ಬ ಮೇಮ್‌ಸಾಹೇಬರು, ಗಂಡ ಇರಲಿಲ್ಲ. ಅವರ ಮಾವ ಹಡಗಿನಲ್ಲಿ ಬರುವಾಗ ತಗಡಿನ ಡಬ್ಬಿಯಲ್ಲಿ ಒದ್ದೆ ಪಾಚಿಯೊಳಗೆ ಆರು ಕಾಯಿ ಇಟ್ಟುಕೊಂಡು ಬಂದಿದ್ದರಂತೆ. ಐದು ಕೊಳೆತವು, ಒಂದು ಹುಟ್ಟಿತು. ಪುಣೆಯಲ್ಲಿ ಅಂಥದ್ದು ಇನ್ನೊಂದಿಲ್ಲ ಎಂದು ದೂರದೂರದ ಸಾಹೇಬರು ನೋಡಲು ಬರುತ್ತಿದ್ದರು. ಟೊಪ್ಪಿಗೆ ತೆಗೆದು ಅದರ ಮುಂದೆ ನಿಲ್ಲುತ್ತಿದ್ದರು. ಮರದ ಸುತ್ತ ಎದೆಯೆತ್ತರದ ಕಬ್ಬಿಣದ ಕಟಕಟೆ, ಅದಕ್ಕೊಂದು ಬೀಗ, ಕೀಲಿ ಅಪ್ಪನ ಉಡಿದಾರದಲ್ಲಿ. ಬೊಡ್ಡೆಗೆ ಹಿತ್ತಾಳೆಯ ತಗಡು, ಅದರ ಮೇಲೆ ನಾಲ್ಕು ಸಾಲು ಇಂಗ್ಲಿಷು. ಸರದಾರನ ಮಾವಿನ ಗಿಡಗಳಲ್ಲಿ ಅರ್ಧ ಕಡಿದು ಟೆನ್ನಿಸ್ ಆಡುವ ಜಾಗ ಮಾಡಿದರು, ಯಾರೂ ಏನೂ ಅನ್ನಲಿಲ್ಲ. ಈ ಒಂದಕ್ಕೆ ಮಾತ್ರ ಕೊಡಲಿ ತಗುಲುವಂತಿಲ್ಲ. ನೋಡಲು ಅಂಥದ್ದೇನೂ ಅಲ್ಲ. ಗಿಡ್ಡ, ಮೈತುಂಬ ಗಂಟು, ಎಲೆಯ ಅಂಚು ಇಲಿ ತಿಂದ ಹಾಗೆ. ಆದರೆ ಅದರ ನಡತೆ ಬೇರೆ. ನಮ್ಮ ಕಡೆಯ ಮರಗಳು ಎಲೆ ಒಣಗಿದರೆ ಉದುರಿಸಿ ಕೈ ತೊಳೆದುಕೊಳ್ಳುತ್ತವೆ. ಇದು ಸತ್ತ ಎಲೆಯನ್ನು ಬಿಡುತ್ತಿರಲಿಲ್ಲ. ಚಳಿಗಾಲ ಹೋಗಿ ಬಿಸಿಲು ಏರಿದರೂ ಕಂದಾದ ಎಲೆಗಳನ್ನು ಹಿಡಿದುಕೊಂಡೇ ನಿಲ್ಲುತ್ತಿತ್ತು. ಮಟಮಟ ಮಧ್ಯಾಹ್ನ, ಮಾವಿನ ಒಂದೆಲೆಯೂ ಅಲುಗದಾಗ, ಅದರೊಳಗೆ ಮಾತ್ರ ಸಪ್ಪಳ. ಒಳಗೆ ಯಾರೋ ಕೂತು ಕಾಗದ ಮಡಚಿ ಮಡಚಿ ಇಟ್ಟ ಹಾಗೆ.

ನನಗಿಂತ ಮೊದಲು ಅವ್ವನಿಗೆ ಹಳ್ಳಿಯಲ್ಲಿ ಎರಡು ಗಂಡು ಹುಟ್ಟಿ ಎರಡೂ ಹೋಗಿದ್ದವು. ಹೆರಿಗೆಯ ಹಿಂದೆ ಬೀಳುವ ಮಾಸನ್ನು ನಮ್ಮವರು ಮಣ್ಣಿನ ಗಡಿಗೆಯಲ್ಲಿಟ್ಟು ಹಿತ್ತಿಲಲ್ಲಿ ಹೂಳುತ್ತಾರೆ. ಅದನ್ನು ನಾಯಿ ಕೆದರಿದರೆ ಕೂಸು ಬಾಳುವುದಿಲ್ಲ ಎಂದು ನಂಬಿಗೆ. ಎರಡು ಸಲವೂ ನಾಯಿ ಕೆದರಿತ್ತು ಎಂದು ಆಯಿ. ಒಂದೇ ಸಲ ಎಂದು ಅವ್ವ. ಅದಕ್ಕೂ ಜಗಳ. ನಾನು ಹುಟ್ಟಿದ ದಿನ ಆಯಿ ಗಡಿಗೆ ಹಿಡಿದು ಬಾಗೆಲ್ಲ ತಿರುಗಿದಳಂತೆ. ನಾಯಿ ನುಗ್ಗದ, ಯಾರೂ ತುಳಿಯದ, ಅಗೆಯದ, ಕಡಿಯದ ಜಾಗ ಬೇಕಾಗಿತ್ತು. ಅಂಥದ್ದು ಇದ್ದದ್ದು ಒಂದೇ. ಅಪ್ಪ ಉಡಿದಾರದಿಂದ ಕೀಲಿ ಬಿಚ್ಚಿ ಕೊಟ್ಟ. ನನ್ನ ಮಾಸಿನ ಗಡಿಗೆ ಕಟಕಟೆಯೊಳಗೆ, ವಿಲಾಯತಿ ಮರದ ಬುಡಕ್ಕೆ ಹೋಯಿತು. ಆ ಮರ ಎಷ್ಟು ವರ್ಷ ಬಾಳುತ್ತದೆ ಎಂದು ಆಯಿ ಅಪ್ಪನ ಕೈಯಿಂದ ಬಂಗಲೆಯಲ್ಲಿ ಕೇಳಿಸಿದಳು. ಮೇಮ್‌ಸಾಹೇಬರು ಐದು ಬೆರಳು ಎತ್ತಿ ಐನೂರು ಅಂದರಂತೆ.

"ಐನೂರು! ಕೇಳಿದ್ಯೇನ? ನಿನ್ನ ಮಗಳು ನಿನ್ನೂ ನನ್ನೂ ಮಣ್ಣು ಮಾಡಿ ಇನ್ನೂ ಗಟ್ಟಿ ಕುಂತಿರತಾಳ," ಎಂದು ಆಯಿ ಬಾಣಂತಿ ಅವ್ವನಿಗೆ ಹೇಳಿದಳು.

"ಅಲ್ಲಿ ಮಟಾ ರೊಟ್ಟಿ ಯಾರು ಬಡದು ಹಾಕ್ತಾರ್ರೀ?" ಎಂದಳಂತೆ ಅವ್ವ.

ಹೀಗೆ ನಾನೂ ಮರವೂ ಒಂದೇ ಜೀವ ಎಂದು ನಮ್ಮ ಮನೆಯಲ್ಲಿ ನಿಕ್ಕಿಯಾಯಿತು. ಯಾರೂ ಇದನ್ನು ದೊಡ್ಡ ಮಾತಾಗಿ ಆಡುತ್ತಿರಲಿಲ್ಲ. ಮನೆಯಲ್ಲಿ ಒಲೆ ಇದೆ, ಕಿಟಕಿ ಇದೆ ಎನ್ನುವ ಹಾಗೆ ಇದೂ ಒಂದು ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಆಯಿ ಮೊದಲು ಕಿಟಕಿ ನೋಡುತ್ತಿದ್ದಳು, ಆಮೇಲೆ ನನ್ನ ಮುಖ. ಮರಕ್ಕೆ ಚಿಗುರು ಕಂಡ ದಿನ ನನಗೆ ಎಣ್ಣೆ ಹಚ್ಚಿ ಸ್ನಾನ, ಗೋಧಿ ಹುಗ್ಗಿ. ಎಲೆ ಕಂದಾದಾಗ ತಲೆಗೆ ಬಟ್ಟೆ ಕಟ್ಟಿ ಒಲೆಯ ಮುಂದೆ ಕೂರಿಸುವುದು. ಮರ ಕಣ್ಣಿಗೆ ಕಾಣದಷ್ಟು ದೂರ ನಾನು ಹೋಗುವಂತಿರಲಿಲ್ಲ, ಅಂದರೆ ಬಾಗಿನ ಗೇಟು ದಾಟುವಂತಿರಲಿಲ್ಲ. ಸಾಲಿಗೆ ಹಾಕಲಿಲ್ಲ, ನಾಲ್ಕು ಅಕ್ಷರ ಕಲಿತದ್ದು ಮದುವೆಯಾದ ಮೇಲೆ ಗಂಡನ ಹತ್ತಿರ, ಬೈಸಿಕೊಂಡು. ಮನೆದೇವರು ಮೈಲಾರಲಿಂಗ, ಜೇಜುರಿಯ ಖಂಡೋಬನೂ ಅವನೇ ಎಂದು ಅಪ್ಪ ಅವ್ವ ವರ್ಷಕ್ಕೊಮ್ಮೆ ಜೇಜುರಿಗೆ ಹೋಗುತ್ತಿದ್ದರು. ನಾನೂ ಆಯಿಯೂ ಉಳಿಯುತ್ತಿದ್ದೆವು. ಅಪ್ಪ ದೇವರ ಅರಿಶಿನದ ಪುಡಿ, ಭಂಡಾರ, ಕಾಗದದಲ್ಲಿ ಕಟ್ಟಿ ತರುತ್ತಿದ್ದ. ಅರ್ಧ ನನ್ನ ಹಣೆಗೆ, ಅರ್ಧ ಮರಕ್ಕೆ. ಹಿತ್ತಾಳೆಯ ತಗಡಿನ ಮೇಲಿರುವುದು ಮಂತ್ರ ಎಂದು ತಿಳಿದು ಆಯಿ ಅದಕ್ಕೆ ಕುಂಕುಮವನ್ನೂ ಹಚ್ಚುತ್ತಿದ್ದಳು. ಒಂದು ದಿನ ಮೇಮ್‌ಸಾಹೇಬರು ನೋಡಿಬಿಟ್ಟರು.

"ಮಾಲೀ, ಯೇ ಕ್ಯಾ ಹೈ?"

ಅಪ್ಪ ಸಲಿಕೆ ಕೆಳಗಿಟ್ಟ. "ಇಜ್ಜತ್, ಮೇಮ್‌ಸಾಹೇಬ್. ಝಾಡ್ ಕೀ ಇಜ್ಜತ್," ಅಂದ.

ಮರಕ್ಕೆ ಮರ್ಯಾದೆ ಎಂಬ ಆ ಮಾತು ಕೇಳಿ ಅವರ ಕಣ್ಣು ತುಂಬಿದವು. ಅಂದಿನಿಂದ ಬಂದವರಿಗೆಲ್ಲ ಮೊದಲು ತಗಡಿನ ಕುಂಕುಮ ತೋರಿಸುವರು, ನೋಡಿ, ಈ ಮರದ ಬೆಲೆ ಇಲ್ಲಿನ ಬಡವರಿಗೂ ಗೊತ್ತು ಎಂದು. ಮುದುಕಿ ಬಂದಾಗೆಲ್ಲ ಕಟಕಟೆ ತೆಗೆಯಬೇಕು ಎಂದು ಅಪ್ಪನಿಗೆ ಹುಕುಂ ಆಯಿತು. ಕೀಲಿ ಅಪ್ಪನ ಉಡಿದಾರ ಬಿಟ್ಟು ಆಯಿಯ ಸೊಂಟಕ್ಕೆ ಬಂದದ್ದು ಹೀಗೆ. ಬಾರದೆ ಇದ್ದಿದ್ದರೆ ಮರ ಇನ್ನೂ ಇರುತ್ತಿತ್ತೋ ಏನೋ.

ನನಗೆ ಏಳು ವರ್ಷವಿದ್ದಾಗ ಒಬ್ಬ ಸಾಹೇಬನ ಟೊಪ್ಪಿಗೆಗೆ ಕೊಂಬೆ ತಗುಲಿತು ಎಂದು, ನಮ್ಮ ಮನೆಯ ಕಡೆಗೆ ಚಾಚಿದ್ದ ಕೆಳಗಿನ ಕೊಂಬೆಯನ್ನು ಕೊಯ್ಯಿಸಿದರು. ಆಯಿ ಅಂದು ನನ್ನನ್ನು ಕೂರಿಸಿಕೊಂಡು ಕೈಕಾಲು, ಬೆರಳು, ಕಿವಿ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲ ಸರಿಯಿತ್ತು. ಮೂರು ದಿನದ ಮೇಲೆ ಹೊಂಡದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ನನ್ನ ಎಡಗೈ ಮುರಿಯಿತು. ಕಟ್ಟಿದರೂ ಸೊಟ್ಟಗೇ ಕೂಡಿತು, ಈಗಲೂ ಸೊಟ್ಟಗೇ ಇದೆ. ಪಾಚಿ ಕಟ್ಟಿದ ಮೆಟ್ಟಿಲಿನಲ್ಲಿ ಯಾರು ಓಡಿದರೂ ಬೀಳುತ್ತಾರೆ. ಆದರೆ ಕೊಂಬೆ ಸೋಮವಾರ ಬಿತ್ತು, ಕೈ ಗುರುವಾರ ಮುರಿಯಿತು. ನಾನು ಹೇಳುವುದು ಇಷ್ಟೇ.

"ನೋಡಿದ್ಯಾ?" ಎಂದಳು ಆಯಿ.

"ಏನ ನೋಡೂದೈತಿ? ನನ್ನ ಹೊಟ್ಯಾಗ ಹುಟ್ಟಿದ ಮಗಳ್ರೀ ಇಕಿ, ಗಿಡದ ಹೊಟ್ಯಾಗಲ್ಲ!" ಅವ್ವ ಕೂಗಾಡಿದಳು.

"ನಿನ್ನ ಹೊಟ್ಯಾಗಿಂದ ಬಂದವು ಎರಡು ಎಲ್ಲಿ ಅದಾವ, ಹೇಳು."

ಅವ್ವ ಹಿಟ್ಟು ನಾದತೊಡಗಿದಳು. ಆ ಹೊತ್ತಿನ ರೊಟ್ಟಿ ಕಲ್ಲಿನಂತಿದ್ದವು.

ಕೈ ಮುರಿದ ಮೇಲೆ ಆಯಿಯ ನೆದರ ತೆಗೆಯುವ ಕೆಲಸ ಹೆಚ್ಚಿತು. ನೆದರ ಎಂದರೆ ಕೆಟ್ಟ ದೃಷ್ಟಿ. ಕಲ್ಲುಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ನನ್ನ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸುತ್ತಿದ್ದಳು. ಎಲ್ಲರ ಮನೆಯಲ್ಲೂ ಅದನ್ನು ಒಲೆಗೆ ಹಾಕಿ ಚಟಚಟ ಅನ್ನಿಸುತ್ತಾರೆ. ಆಯಿ ಮೆಣಸಿನಕಾಯಿ, ಸಾಸಿವೆ ಒಲೆಗೆ ಹಾಕಿ, ಉಪ್ಪನ್ನು ಮಾತ್ರ ತಂಬಿಗೆಯ ನೀರಿನಲ್ಲಿ ಕರಗಿಸಿ ಮರದ ಬುಡಕ್ಕೆ ಸುರಿಯುತ್ತಿದ್ದಳು. ಒಂದೇ ಜೀವ ಅಂದ ಮೇಲೆ ಇಬ್ಬರದೂ ಕೂಡಿಯೇ ತೆಗೆಯಬೇಕಲ್ಲ. ಉಪ್ಪು ಕರಗಿದ ಹಾಗೆ ಪೀಡೆ ಕರಗಲಿ ಎಂದು ಬಾಯಲ್ಲಿ ಹೇಳುತ್ತ. ನಾನು ಹುಟ್ಟಿದಾಗಿನಿಂದ ಅಮಾವಾಸ್ಯೆ ಹುಣ್ಣಿಮೆಗೆ, ಕೀಲಿ ಸಿಗುವ ಮೊದಲು ಕಟಕಟೆಯ ಸಂದಿನಿಂದ, ನಡೆದಿದ್ದದ್ದು ಈಗ ಮಂಗಳವಾರ ಶುಕ್ರವಾರಕ್ಕೂ ಆಯಿತು. ಮೊದಲು ಮುಷ್ಟಿ, ಆಮೇಲೆ ಬೊಗಸೆ. ಹೋಗುತ್ತಿದ್ದುದು ಅಪ್ಪ ಉಂಡು ಅಡ್ಡಾಗುವ ಮಧ್ಯಾಹ್ನದ ಹೊತ್ತಿಗೆ. ನನ್ನನ್ನೂ ಕರೆದುಕೊಂಡು ಹೋಗಿ ಬೊಡ್ಡೆಗೆ ಬೆನ್ನು ಹಚ್ಚಿ ನಿಲ್ಲಿಸುತ್ತಿದ್ದಳು. ತೊಗಟೆ ಉರಿಬಿಸಿಲಿನಲ್ಲೂ ತಣ್ಣಗಿರುತ್ತಿತ್ತು. ನೀರು ಬಿದ್ದ ಕೂಡಲೇ ಮೇಲಿನ ಒಣ ಎಲೆಗಳ ಸಪ್ಪಳ ನಿಂತುಬಿಡುತ್ತಿತ್ತು, ಮಾತಾಡುತ್ತಿದ್ದವರು ಹೊಸಬರನ್ನು ಕಂಡು ಸುಮ್ಮನಾದ ಹಾಗೆ. ಆಯಿ ನನ್ನ ಕಡೆ ನೋಡಿ ತಲೆ ಆಡಿಸುತ್ತಿದ್ದಳು. ಅದು ಕೇಳಿಸಿಕೊಂಡಿತು ಎಂದು ಅರ್ಥ. ನಾನೂ ತಲೆ ಆಡಿಸುತ್ತಿದ್ದೆ.

ನನಗೆ ಹನ್ನೊಂದು ತುಂಬಿದ ವರ್ಷ ಮರಕ್ಕೆ ಚಿಗುರು ಬರಲಿಲ್ಲ. ಯುಗಾದಿ ಆಯಿತು, ಮಾವಿಗೆ ಕಾಯಿ ಬಂತು, ಇದು ಮಾತ್ರ ಹಿಂದಿನ ವರ್ಷದ ಎಲೆಗಳನ್ನೇ ಹಿಡಿದುಕೊಂಡು ನಿಂತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಆದರೆ ನನ್ನ ತಾಟಿಗೆ ತುಪ್ಪ ಬೀಳತೊಡಗಿತು. ಅಪ್ಪ ಬಂಗಲೆಯಿಂದ ಬಿಸ್ಕತ್ತು ಕೇಳಿ ತಂದು ಕೊಟ್ಟ. ಹನ್ನೊಂದು ವರ್ಷದ ಹುಡುಗಿಗೆ ಅಷ್ಟು ಗೊತ್ತಾಗುವುದಿಲ್ಲವೇ? ಸಾಯುವವರಿಗೆ ತುಪ್ಪ ಹಾಕುತ್ತಾರೆ. ನನಗೆ ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ಉಂಡದ್ದು ಒಳಗೆ ಇಳಿಯುತ್ತಿರಲಿಲ್ಲ. ತಲೆ ಬಾಚಿದರೆ ಕೂದಲು ಹಣಿಗೆಯ ತುಂಬ ಬರುತ್ತಿತ್ತು. ಆಯಿ ಅದನ್ನು ಸುತ್ತಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಮಧ್ಯಾಹ್ನ ನಾನೇ ಹೋಗಿ ಕಟಕಟೆ ಹಿಡಿದು ನಿಲ್ಲುತ್ತಿದ್ದೆ. ಉಸಿರು ಬಿಗಿಹಿಡಿದರೆ ಎಲೆಯ ಸಪ್ಪಳ ನಿಲ್ಲುತ್ತದೆಯೇ ಎಂದು ನೋಡಿದೆ. ಒಂದು ದಿನ ನಿಂತಿತು. ಮತ್ತೆ ಹಾಗೆ ನೋಡುವ ಧೈರ್ಯ ಆಗಲಿಲ್ಲ.

ಮೇಮ್‌ಸಾಹೇಬರು ಗಿಡಗಳ ವಿದ್ಯೆ ಬಲ್ಲ ಒಬ್ಬ ಸಾಹೇಬನನ್ನು ಕರೆಸಿದರು. ಅವನು ಸಣ್ಣ ಚಾಕು ತೆಗೆದು ಕೊಂಬೆಯ ತೊಗಟೆಯನ್ನು ಉಗುರಿನಷ್ಟು ಕೆರೆದ. ಒಳಗೆ ಕಂದು. ಇನ್ನೂ ಕೆಳಗೆ ಕೆರೆದ, ಅಲ್ಲೂ ಕಂದು. ಬೊಡ್ಡೆಯ ಹತ್ತಿರ ಕೆರೆದಾಗ ದಾರದಷ್ಟು ಹಸಿರು ಕಂಡಿತು. ಅವನು ಏನೋ ಹೇಳಿದ. ಬೇಸಿಗೆ ಜೋರಾಗಿದೆ, ಬೇರಿಗೆ ತಂಪು ಕೊಟ್ಟು ನೋಡಿ ಎಂದನಂತೆ. ಮರುದಿನದಿಂದ ಅಪ್ಪನಿಗೆ ಅದೇ ಕೆಲಸ. ಗೋಣಿಚೀಲದಲ್ಲಿ ಸುತ್ತಿದ ಬರ್ಫದ ಗಡ್ಡೆಗಳು ಗಾಡಿಯಲ್ಲಿ ಬರುವವು, ಅಪ್ಪ ಕಟಕಟೆಯೊಳಗೆ ಮಣ್ಣು ಬಿಡಿಸಿ ಅವನ್ನು ಹೂಳುವನು. ಮನುಷ್ಯರಿಗೆ ಕುಡಿಯಲು ಸಿಗದ ಬರ್ಫ. ಅದರಿಂದ ಹೊಗೆಯಂಥ ತಂಪು ಏಳುತ್ತಿತ್ತು, ಅದರ ನಡುವೆ ಮಂಡಿಯೂರಿದ ಅಪ್ಪ ಅರ್ಧವೇ ಕಾಣುತ್ತಿದ್ದ. ಹೀಗೆ ಅಗೆಯುವಾಗಲೇ ಅವನ ಕಣ್ಣಿಗೆ ಮಣ್ಣಿನಲ್ಲಿ ಬಿಳಿಯ ಪೊರೆ ಬಿದ್ದದ್ದು. ಮೊದಲು ಬಾವಿಯ ನೀರಿನ ಸವಳು ಅಂದುಕೊಂಡ. ಆಮೇಲೆ ನಾಲಿಗೆಗೆ ಹಚ್ಚಿ ನೋಡಿದ. ಕಡಿದ ಬೊಡ್ಡೆ ಮತ್ತೆ ಚಿಗುರಬಾರದು ಎಂದರೆ ಮಾಲಿಗಳು ಅದರಲ್ಲಿ ತೂತು ಕೊರೆದು ಉಪ್ಪು ತುಂಬುತ್ತಾರೆ. ಟೆನ್ನಿಸ್ ಜಾಗದ ಮಾವಿನ ಬೊಡ್ಡೆಗಳಿಗೆ ಅಪ್ಪನೇ ತುಂಬಿದ್ದ. ಆ ರುಚಿ ಅವನಿಗೆ ಗೊತ್ತಿತ್ತು.

ನಾವು ಉಣ್ಣಲು ಕೂತಿದ್ದೆವು. ಅಪ್ಪ ಕೈ ತೊಳೆಯದೆ ಒಳಗೆ ಬಂದ.

"ಯವ್ವಾ, ಇದನ್ನ ನೆಕ್ಕಿ ನೋಡು."

"ನಾ ಯಾಕ ಮಣ್ಣ ನೆಕ್ಕಲಿ? ಬಸರ ಅದೀನೇನ?"

"ನೆಕ್ಕು."

ಆಯಿ ನೆಕ್ಕಿದಳು. ಬಾಯಿ ಒರೆಸಿಕೊಂಡಳು.

"ಎಷ್ಟು ದಿನದಿಂದ ಹಾಕಾಕತ್ತೀದಿ?"

"ಕೂಸು ಹುಟ್ಟಿದಾಗಿಂದ. ನೆದರ ತಗದ ಉಪ್ಪು."

"ಉಪ್ಪು ಹಾಕಿದ್ರ ಗಿಡಾ ಸಾಯತಾವು ಯವ್ವಾ! ಮಾಲಿ ಮನ್ಯಾಗ ಇದ್ದು ಇಷ್ಟು ತಿಳೀಲಿಲ್ಲೇನ?"

"ಸಾಯೂದು ನಮ್ಮ ಗಿಡಾ. ಇದು ಸಮುದ್ರ ದಾಟಿ ಬಂದದ್ದು. ಬಂದದ್ದ ಉಪ್ಪುನೀರಿನ ಮ್ಯಾಲ. ಅದಕ್ಕೇನ ಆಗತೈತಿ?"

ಅವ್ವ ಒಮ್ಮೆ ನಕ್ಕಳು. ಒಮ್ಮೆಯೇ. ಆಮೇಲೆ ಅವಳ ಮುಖ ಒಲೆಯ ಕಡೆ ತಿರುಗಿತು. ಆಯಿ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು, ಉಪ್ಪು ಇನ್ನೂ ಅಲ್ಲಿರುವಂತೆ.

"ನೀ ಅಂದಂಗ ಆದ್ರ, ಹುಡುಗೀನ ನಾನ ಕೊಂದಂಗಾತಲ್ಲೋ ಬಸ್ಯಾ," ಎಂದಳು.

ಮೂವರೂ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ತುತ್ತು ಇತ್ತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ.

ಅಂದೇ ಮಧ್ಯಾಹ್ನ ಅಪ್ಪ ಉಪ್ಪು ಹಿಡಿದ ಮಣ್ಣನ್ನೆಲ್ಲ ತೆಗೆದುಹಾಕತೊಡಗಿದ. ನಾನು ಕಟಕಟೆಯ ಹೊರಗೆ ನಿಂತಿದ್ದೆ. ಮೊಣಕಾಲಿನಷ್ಟು ಆಳದಲ್ಲಿ ಸಲಿಕೆ ಟಣ್ ಅಂದಿತು. ಗಡಿಗೆ. ಅಪ್ಪ ನನ್ನನ್ನು ದೂರ ಹೋಗು ಅಂದ, ನಾನು ಹೋಗಲಿಲ್ಲ. ಮೇಲೆತ್ತಿದ ಕೂಡಲೇ ಗಡಿಗೆಯ ಚೂರುಗಳು ಕಳಚಿ ಬಿದ್ದವು. ಆದರೆ ಒಳಗಿನದು ಬೀಳಲಿಲ್ಲ. ಗಡಿಗೆಯ ಬಾಯಿಯಿಂದ ಒಂದು ಬೇರು ಒಳಗೆ ಹೊಕ್ಕು, ಒಳಗೆಲ್ಲ ಕೂದಲಿನಂಥ ಎಳೆಬೇರು ಬಿಟ್ಟು, ಸುತ್ತಿ ಸುತ್ತಿ, ಗಡಿಗೆಯ ಆಕಾರಕ್ಕೇ ಗಟ್ಟಿಯಾಗಿತ್ತು. ಗಡಿಗೆ ಹೋದರೂ ಗಡಿಗೆಯಷ್ಟೇ ದುಂಡಗೆ ಅಪ್ಪನ ಎರಡು ಕೈಗಳಲ್ಲಿ ಕೂತಿತ್ತು. ಕೂಸಿನ ತಲೆಯಷ್ಟು. ಕೂದಲಿನ ತುದಿಗಳಿಗೆ ಬಿಳಿ ಹಿಡಿದಿತ್ತು.

"ಏನೂ ಇಲ್ಲ ಗಂಗಿ, ಬರೇ ಬೇರು," ಎಂದ ಅಪ್ಪ. ನನಗಲ್ಲ, ತನಗೇ ಹೇಳಿಕೊಂಡ ಹಾಗಿತ್ತು.

ಆಯಿ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಿರಲಿಲ್ಲ. "ಬೇರಲ್ಲೋ. ಹಿಡಕೊಂಡೈತಿ ಅದು. ಸಾಯೂ ಮುಂದೂ ಬಿಟ್ಟಿಲ್ಲ," ಎಂದಳು.

ಅಪ್ಪ ಅದನ್ನು ತಿರುಗಿ ಮಣ್ಣಿನಲ್ಲಿಟ್ಟ. ಹತ್ತು ದಿನ ಬಿಟ್ಟು ಸಾಹೇಬ ಮತ್ತೆ ಬಂದು ಚಾಕುವಿನಿಂದ ಕೆರೆದಾಗ ನೆಲಮಟ್ಟದವರೆಗೂ ಕಂದೇ ಇತ್ತು. ಅವನು ಚಾಕು ಮಡಚಿ ಕಿಸೆಗೆ ಹಾಕಿಕೊಂಡ. ಮೇಮ್‌ಸಾಹೇಬರು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗೆದ್ದಲು ಹಿಡಿಯುವ ಮೊದಲು ಕಡಿದು, ದಿಮ್ಮಿ ಸೀಳಿಸಿ, ಅವರ ದೇವಾಲಯಕ್ಕೆ ಒಂದು ಬೆಂಚು ಮಾಡಿಸಬೇಕು, ಮರದ ಹೆಸರು ಉಳಿಯಬೇಕು ಎಂದರು. ಯಾಕೆ ಸತ್ತಿತು ಎಂದು ಕೇಳಿದ್ದಕ್ಕೆ ಅಪ್ಪ "ಗರ್ಮೀ" ಅಂದ. ಪುಣೆಯ ಬಿಸಿಲಿಗೆ ಸತ್ತಿತು ಎಂದೇ ಅವರು ಎಲ್ಲರಿಗೂ ಹೇಳಿದರು. ಅಪ್ಪ ತಾಯಿಯ ಹೆಸರು ಹೇಳಲಿಲ್ಲ, ಅವ್ವನೂ ಹೇಳಲಿಲ್ಲ. ಈಗ ನಾನು ಹೇಳಿದ್ದೇನೆ.

ಕಡಿಯುವ ದಿನ ಆಯಿ ಮುಂಜಾನೆಯೇ ಹೋಗಿ ಕಟಕಟೆ ಹಿಡಿದು ಕೂತಳು. ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚೀಲ ಎತ್ತಿದ ಹಾಗೆ ಎತ್ತಿ ಮನೆಯೊಳಗೆ ತಂದು ಇಳಿಸಿದ. ಆಮೇಲೆ ಅವಳು ಅಳಲಿಲ್ಲ. ನನಗೆ ಸ್ನಾನ ಮಾಡಿಸಿದಳು. ಹಣೆಗೆ ಭಂಡಾರ ಹಚ್ಚಿ, ಕಂಬಳಿ ಹಾಸಿ, ಕಿಟಕಿಯ ಕೆಳಗೆ ಮಲಗಿಸಿದಳು. ನಾನು ಮಲಗಿದೆ. ಹಟ ಮಾಡಲಿಲ್ಲ, ಸಾಯುವ ದಿನ ಇದು ಎಂದು ನನಗೂ ಗೊತ್ತಿತ್ತಲ್ಲ. ಆಯಿ ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಅವ್ವ ಒಲೆಗೆ ಹಂಚು ಇಟ್ಟು ರೊಟ್ಟಿ ಬಡಿಯತೊಡಗಿದಳು.

"ಇಂಥಾ ಹೊತ್ತಿನ್ಯಾಗ ರೊಟ್ಟಿ ಮಾಡ್ತೀಯಲ್ಲ, ನೀ ತಾಯಿ ಹೌದೋ ಅಲ್ಲೋ?" ಎಂದಳು ಆಯಿ.

"ಮಧ್ಯಾಹ್ನ ಹುಡುಗಿ ಉಣಬೇಕಲ್ರೀ," ಎಂದಳು ಅವ್ವ, ತಲೆ ಎತ್ತದೆ.

ಹೊರಗೆ ಕೊಡಲಿ ಬಿತ್ತು. ಖಟ್. ಒಳಗೆ ಅವ್ವನ ಕೈ. ಪಟ್. ಖಟ್, ಪಟ್, ಎರಡೂ ಕೂಡಿ ನಡೆದವು. ಕೊಡಲಿ ನಿಂತು ಗರಗಸ ಶುರುವಾದಾಗ ನನ್ನ ಕಾಲು ತಣ್ಣಗಾದವು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಬರ್ಫದ ನೀರು ಕೆಳಗಿನಿಂದ ಏರಿ ಬಂದ ಹಾಗೆ. ಸೊಟ್ಟ ಕೈ ಇದೆಯೋ ಇಲ್ಲವೋ ತಿಳಿಯದಾಯಿತು. ಆಯಿ ಅಂಗೈಯಿಂದ ನನ್ನ ಕಣ್ಣು ಮುಚ್ಚಿದಳು. ಒಣ ಎಲೆಗಳ ಸಪ್ಪಳ ಕೇಳುತ್ತಿತ್ತು, ಕಿಟಕಿಯ ಹೊರಗಲ್ಲ, ನನ್ನ ಕಿವಿಯೊಳಗೆ. ಅಷ್ಟು ವರ್ಷ ಏನು ಹೇಳುತ್ತಿದೆ ಎಂದು ತಿಳಿಯದಿದ್ದದ್ದು ಈಗ ಇನ್ನೇನು ತಿಳಿಯುತ್ತದೆ ಅನ್ನುವಷ್ಟು ಹತ್ತಿರ. ಅಷ್ಟರಲ್ಲಿ ಗರಗಸ ನಿಂತಿತು. ಯಾರೋ ಮರಾಠಿಯಲ್ಲಿ ದೂರ ಸರಿಯಿರಿ ಎಂದು ಕೂಗಿದರು. ನೆಲ ಅದುರಿತು, ಗೂಡಿನಲ್ಲಿದ್ದ ಡಬ್ಬಿಗಳು ಕುಣಿದವು. ಆಮೇಲೆ ಏನೂ ಸಪ್ಪಳವಿಲ್ಲ. ಹೊರಗೂ ಇಲ್ಲ, ಒಳಗೂ ಇಲ್ಲ. ಅವ್ವನ ಕೈಯೂ ನಿಂತಿತ್ತು. ಆ ಕಿಟಕಿಯಲ್ಲಿ ಎಂದೂ ಬಾರದ ಬಿಸಿಲು ಒಮ್ಮೆಲೇ ಒಳಗೆ ಸುರಿದು, ಆಯಿಯ ಬೆರಳ ಸಂದಿನಿಂದ ನನ್ನ ರೆಪ್ಪೆ ಕೆಂಪಗೆ ಮಾಡಿತು. ಸತ್ತರೆ ಹೀಗೆ ಕೆಂಪಗಿರುತ್ತದೆ ಅಂದುಕೊಂಡೆ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ಕಡೆಗೆ ಮೂಗಿಗೆ ಒಂದು ವಾಸನೆ ಬಂತು.

"ಅವ್ವಾ, ರೊಟ್ಟಿ ಹೊತ್ತೈತಿ," ಎಂದೆ.

ಆಯಿ ನನ್ನ ಕೈಯನ್ನು ಕೆಂಡ ಬಿಟ್ಟ ಹಾಗೆ ಬಿಟ್ಟಳು. ನಾನು ಎದ್ದು ಕೂತೆ. ಹಂಚಿನ ಮೇಲೆ ರೊಟ್ಟಿ ಕರಿಯಾಗಿ ಹೊಗೆಯಾಡುತ್ತಿತ್ತು. ಅವ್ವ ಅದನ್ನು ತೆಗೆಯಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ನನ್ನ ಕೆನ್ನೆ, ಕುತ್ತಿಗೆ, ಬೆನ್ನು ಮುಟ್ಟಿದಳು. ಆಯಿ ಗೋಡೆಯವರೆಗೆ ಹಿಂದೆ ಸರಿದಿದ್ದಳು.

"ಇದು ಗಂಗಿ ಅಲ್ಲ."

"ಮತ್ತ ಯಾರ್ರೀ ಅತ್ತಿ?"

"ಯಾರೋ ನಾ ಏನ ಬಲ್ಲೆ? ಗಂಗಿ ಹೋತು. ಕೈಯಾಗ ಹಿಡಕೊಂಡಿದ್ದೆ, ನಾಡಿ ನಿಂತಿತು, ಹೋತು. ಇದು ಬಂದು ಕುಂತೈತಿ."

ಮಧ್ಯಾಹ್ನ ನಾನು ಮೂರು ರೊಟ್ಟಿ ತಿಂದೆ. ತಿಂಗಳುಗಟ್ಟಲೆ ಇಳಿಯದ ಗಂಟಲಿನಲ್ಲಿ ಸರಸರ ಇಳಿದವು. ಆಯಿ ನಾನು ತಿನ್ನುವುದನ್ನು ಮೂಲೆಯಿಂದ ನೋಡುತ್ತಿದ್ದಳು. ಅದಾದ ಮೇಲೆ ನಾಲ್ಕು ವರ್ಷ ಬದುಕಿದ್ದಳು, ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಕೆಳಗೆ. ನನ್ನ ಹೆಸರು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ. "ಅದಕ್ಕ ನೀರು ಕೊಡು," "ಅದು ಎಲ್ಲಿ ಹೋತು?" ಇಷ್ಟೇ. ಹೊಡೆಯಲಿಲ್ಲ, ಬೈಯಲಿಲ್ಲ, ಮನೆಗೆ ಬಂದ ದೊಡ್ಡವರ ಮುಂದೆ ನಡೆದುಕೊಳ್ಳುವಂತೆ ತಗ್ಗಿ ನಡೆದುಕೊಂಡಳು. ಸಾಯುವ ಮೊದಲು ತನ್ನ ಮೊಮ್ಮಗಳನ್ನು ಕರೆಯಿರಿ ಎಂದು ಕೇಳಿದಳು. ನಾನು ಅವಳ ಬಾಯಿಗೆ ನೀರು ಬಿಡುತ್ತಿದ್ದೆ. ಅವಳು ಹೇಳಿದ್ದು ಸುಳ್ಳು ಎಂದು ತೋರಿಸಲು ಆಗಲೂ ನನ್ನ ಹತ್ತಿರ ಏನೂ ಇರಲಿಲ್ಲ, ಈಗಲೂ ಇಲ್ಲ. ಗಂಡ, ಐದು ಮಕ್ಕಳು, ಒಲೆ, ಆಸ್ಪತ್ರೆ ಎಲ್ಲ ಆಗಿಹೋಯಿತು. ನನ್ನ ಓರಗೆಯವರೆಲ್ಲ ಹೋದರು. ಒಂದು ಮಾತು ಮಾತ್ರ ಯಾರಿಗೂ ಹೇಳಿಲ್ಲ. ಆ ದಿನಕ್ಕಿಂತ ಮುಂಚಿನ ಆ ಕೋಣೆಯನ್ನು ನೆನೆಸಿಕೊಂಡರೆ, ಒಲೆ, ಆಯಿಯ ಬೆನ್ನು, ಕಂಬಳಿಯ ಮೇಲೆ ಮಲಗಿದ ಹುಡುಗಿ, ಎಲ್ಲವೂ ನನಗೆ ಕಿಟಕಿಯ ಹೊರಗಿನಿಂದ ನೋಡಿದ ಹಾಗೆ ಕಾಣುತ್ತದೆ. ಒಳಗಿನಿಂದ ನೋಡಿದ ನೆನಪು ಒಂದೂ ಇಲ್ಲ.

ಮರ ಬಿದ್ದ ಮರುದಿನ ಬೆಳಿಗ್ಗೆ ದಿಮ್ಮಿ ಒಯ್ಯಲು ಎತ್ತಿನ ಗಾಡಿ ಬಂತು. ಹಗ್ಗ ಬಿಗಿದು ಮುಗಿಯುವುದನ್ನೇ ಕಾದಿದ್ದು, ನಾನು ಗಾಲಿಯ ಮೇಲೆ ಕಾಲಿಟ್ಟು ಹತ್ತಿ ದಿಮ್ಮಿಯ ಮೇಲೆ ಕೂತೆ. ಗಾಡಿಯವನು "ಏ ಪೋರೀ, ಉತರ ಖಾಲೀ!" ಎಂದು ಇಳಿಯಲು ಹೇಳಿದ. ನಾನು ಇಳಿಯಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ನೋಡಿದ, ಆಮೇಲೆ ಗಾಡಿಯವನಿಗೆ "ಬಸೂ ದ್ಯಾ," ಕೂತಿರಲಿ, ಎಂದ. ಗಾಡಿ ಗೇಟು ದಾಟಿತು. ಮರದ ಗಂಟೊಂದು ತೊಡೆಗೆ ಒತ್ತುತ್ತಿತ್ತು, ಸರಿದು ಕೂತೆ. ಕಟ್ಟಿಗೆ ಸೀಳುವ ಗಿರಣಿಯ ತನಕ ಹಾಗೇ ಹೋದೆ. ಅಲ್ಲಿ ದಿಮ್ಮಿ ಇಳಿಸಲು ತಡವಾಗುತ್ತದೆ ಎಂದರು. ನಾನು ಕಾಯಲಿಲ್ಲ, ಒಬ್ಬಳೇ ನಡೆದು ಮನೆಗೆ ಬಂದೆ. ದಾರಿ ಗೊತ್ತಿರಲಿಲ್ಲ, ಎರಡು ಸಲ ಕೇಳಬೇಕಾಯಿತು.